ಚಿತ್ರದ ಹಂಸ ನುಂಗಿದ ಹಾರ

ವಿಕ್ರಮರಾಜ ಗಾಣದ ಮೇಲೆ ಕೂತ ಚಿತ್ರಕ್ಕೆ ಯಾರೂ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುವುದಿಲ್ಲ. ಅಲ್ಲಿ ಲಕ್ಷ್ಮಿ ಇರುತ್ತಾಳೆ, ತಿರುಪತಿ ತಿಮ್ಮಪ್ಪ ಇರುತ್ತಾನೆ, ನಮ್ಮ ಕಡೆಯಾದರೆ ಕಲಬುರಗಿಯ ಶರಣಬಸಪ್ಪ ಇರುತ್ತಾನೆ, ತೀರಿಕೊಂಡ ಹಿರಿಯರು ಗಾಜಿನ ಮೇಲೆ ಕುಂಕುಮ ಹಚ್ಚಿಸಿಕೊಂಡು ಇರುತ್ತಾರೆ. ಕೈಕಾಲು ಕಡಿಸಿಕೊಂಡ ರಾಜನಿಗೆ ಮಾತ್ರ ಒಂದು ಮೊಳೆ ಸಿಗುವುದಿಲ್ಲ. ಅವನ ಕತೆ ಕೇಳುವುದಕ್ಕೇನೂ ಅಡ್ಡಿಯಿಲ್ಲ. ಸಾಡೇಸಾತಿ ಹತ್ತಿದೆ ಅಂತ ಯಾರಾದರೂ ಹೇಳಿದರೆ ಸಾಕು, ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ, ಓಣಿಯವರನ್ನೆಲ್ಲ ಕರೆದು ಶನಿಮಹಾತ್ಮೆ ಓದಿಸುತ್ತೇವೆ. ಕೊನೆಗೆ ಪ್ರಸಾದವೂ ಉಂಟು. ಕಿವಿಗೆ ಬೇಕಾದ ಕಷ್ಟ ಕಣ್ಣಿಗೆ ಬೇಡ.

ಆ ಕತೆಯಲ್ಲಿ ನನ್ನನ್ನು ಹುಡುಗನಾಗಿದ್ದಾಗಿನಿಂದ ಕಾಡಿದ ಭಾಗ ಗಾಣವಲ್ಲ, ಅದಕ್ಕೂ ಮೊದಲಿನದು. ಗ್ರಹಗಳಲ್ಲಿ ಯಾರು ದೊಡ್ಡವರು ಅಂತ ತುಂಬಿದ ಸಭೆಯಲ್ಲಿ ಚರ್ಚೆಯಾಗುವಾಗ ವಿಕ್ರಮ ಶನಿಯನ್ನು ಹಗುರಾಗಿ ಆಡುತ್ತಾನೆ. ಶನಿ ಕುದುರೆ ವ್ಯಾಪಾರಿಯ ವೇಷದಲ್ಲಿ ಬರುತ್ತಾನೆ. ಕುದುರೆ ರಾಜನನ್ನು ಹೊತ್ತು ಕಾಡಿಗೆ ಒಯ್ದು ಬಿಡುತ್ತದೆ. ದಿಕ್ಕುಗೆಟ್ಟ ರಾಜ ಪರವೂರಿನ ಸಾವುಕಾರನ ಮನೆ ಸೇರುತ್ತಾನೆ. ಅಲ್ಲಿ ಚಿತ್ರಗಳಿಂದ ತುಂಬಿದ ಒಂದು ಕೋಣೆ. ಗೂಟಕ್ಕೆ ಸಾವುಕಾರನ ಮಗಳ ಮುತ್ತಿನ ಹಾರ. ರಾಜ ನೋಡನೋಡುತ್ತಿದ್ದಂತೆ ಗೋಡೆಯ ಮೇಲೆ ಬರೆದ ಹಂಸ ಕೊರಳು ಚಾಚಿ ಹಾರವನ್ನು ನುಂಗಿಬಿಡುತ್ತದೆ. ಚಿತ್ರ ಹಾರ ನುಂಗಿತು ಅಂದರೆ ನಂಬುವವರು ಯಾರು? ಕಳವಿನ ಆರೋಪ ಬಂತು, ಕೈಕಾಲು ಹೋದವು.

"ಆಯಿ, ಬರ್ದಿದ್ದ ಹಂಸ ಹಾರ ಹೆಂಗ ನುಂಗ್ತದ?" ಅಂತ ಕೇಳಿದ್ದೆ.

"ಹಂಸಿಂದೇನ್ ತಪ್ಪೋ ತಮ್ಮಾ? ನೋಡ್ದಾವನ ಟೈಮ್ ಖರಾಬ್ ಇತ್ತು."

ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. ಚಿತ್ರಕಲೆಯ ಬಗ್ಗೆ ನಾನು ಆಮೇಲೆ ಓದಿದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಇಷ್ಟು ಚೊಕ್ಕ ಮಾತು ಕಂಡಿಲ್ಲ.

ಯುರೋಪಿನವರು ಈ ವಿಷಯದಲ್ಲಿ ನಮಗಿಂತ ಗಟ್ಟಿ ಎದೆಯವರು. ಅವರ ಮಧ್ಯಯುಗದ ಹಸ್ತಪ್ರತಿಗಳಲ್ಲಿ ಬೀಳುವ ರಾಜನನ್ನು ಚಿನ್ನ ಹಚ್ಚಿ ಬರೆದಿದ್ದಾರೆ. ಕುರಿ ಕರುಗಳ ತೊಗಲನ್ನು ಹದ ಮಾಡಿ, ತೆಳ್ಳಗೆ ಕೆರೆದು, ಅದರ ಮೇಲೆ ಬಂಗಾರದ ರೇಕು ಕೂಡಿಸಿ ಉಜ್ಜಿ ಹೊಳಪು ಬರಿಸಿ, ಆಮೇಲೆ ಬಣ್ಣ ತುಂಬುವ ಕೆಲಸ ಅದು. ಮ್ಯೂನಿಕ್ಕಿನ ಗ್ರಂಥಾಲಯದಲ್ಲಿ ಕಾರ್ಮಿನಾ ಬುರಾನಾ ಎಂಬ ಹಾಡುಗಳ ಹಸ್ತಪ್ರತಿ ಇದೆ. ಸುಮಾರು 1230ರದ್ದು, 1803ರಲ್ಲಿ ಬವೇರಿಯದ ಒಂದು ಮಠದಲ್ಲಿ ಸಿಕ್ಕಿದ್ದು. ಅದರಲ್ಲೊಂದು ಚಕ್ರ. ನಡುವೆ ಅದೃಷ್ಟದೇವಿ ಫಾರ್ಚುನಾ ನೆಟ್ಟಗೆ ಕೂತಿದ್ದಾಳೆ. ಎಡಕ್ಕೊಬ್ಬ ಏರುತ್ತಿದ್ದಾನೆ, ಮೇಲೊಬ್ಬ ಕಿರೀಟ ಧರಿಸಿ ಮೆರೆಯುತ್ತಿದ್ದಾನೆ, ಬಲಕ್ಕೊಬ್ಬ ತಲೆಕೆಳಗಾಗಿ ಬೀಳುತ್ತಿದ್ದಾನೆ, ಅವನ ಕಿರೀಟ ಜಾರುತ್ತಿದೆ. ತಳದಲ್ಲೊಬ್ಬ ಬಿದ್ದಿದ್ದಾನೆ. ನಾಲ್ವರ ಪಕ್ಕದಲ್ಲೂ ಲ್ಯಾಟಿನ್ನಿನಲ್ಲಿ ಒಂದೊಂದು ಮಾತು: ಆಳುವೆನು, ಆಳುತ್ತಿರುವೆನು, ಆಳಿದೆನು, ರಾಜ್ಯವಿಲ್ಲದವನಾದೆನು. ಕ್ರಿಯಾಪದದ ಪಾಠ ಹೇಳಿಕೊಡುವ ಮೇಷ್ಟರೇ ಈ ಚಿತ್ರಕ್ಕೆ ಮಾತು ಬರೆದುಕೊಟ್ಟಿರಬೇಕು ಅಂತ ನನಗೆ ಒಳಗೊಳಗೇ ಅನುಮಾನ.

ಈ ಚಕ್ರದ ಮಾತಿಗೆ ಬಲ ಬಂದಿದ್ದು ಬೋಯೆಥಿಯಸ್ ಎಂಬ ರೋಮಿನ ಮಂತ್ರಿಯಿಂದ. ನಿನ್ನೆಯವರೆಗೆ ಆಸ್ಥಾನದಲ್ಲಿದ್ದವನು ಆರನೆಯ ಶತಮಾನದ ಮೊದಲ ಭಾಗದಲ್ಲಿ ಸೆರೆಮನೆ ಸೇರಿ, ಸಾವಿನ ದಾರಿ ಕಾಯುತ್ತಾ ಒಂದು ಪುಸ್ತಕ ಬರೆದ. ತಿರುಗುವುದೇ ನನ್ನ ಸ್ವಭಾವ, ಅದಕ್ಕೆ ಅಳುವುದ್ಯಾಕೆ ಅಂತ ಅದರಲ್ಲಿ ಅದೃಷ್ಟದೇವಿ ವಾದ ಹೂಡುತ್ತಾಳೆ. ಮುಂದೆ ಸಾವಿರ ವರ್ಷ ಆ ಪುಸ್ತಕವನ್ನು ನಕಲು ಮಾಡಿದವರು ಮಾಡುತ್ತಲೇ ಹೋದರು, ಚಕ್ರ ಬರೆದವರು ಬರೆಯುತ್ತಲೇ ಹೋದರು. ಹನ್ನೆರಡನೆಯ ಶತಮಾನದಲ್ಲಿ ಹೆರಾಡ್ ಎಂಬ ಸನ್ಯಾಸಿನಿ ತನ್ನ ಮಠದ ಹೆಣ್ಣುಮಕ್ಕಳಿಗಾಗಿ ಮಾಡಿಸಿದ ಹೋರ್ಟಸ್ ಡೆಲಿಸಿಯಾರಮ್ ಎಂಬ ಮಹಾಗ್ರಂಥದಲ್ಲೂ ಅಂಥದ್ದೊಂದು ಚಕ್ರ ಇತ್ತು. 1870ರಲ್ಲಿ ಪ್ರಷ್ಯದ ಫಿರಂಗಿಗಳು ಸ್ಟ್ರಾಸ್‌ಬೂರ್ಗ್ ಊರಿನ ಮೇಲೆ ಬೆಂಕಿಯುಗುಳಿದಾಗ ಗ್ರಂಥಾಲಯವೇ ಸುಟ್ಟು ಪುಸ್ತಕ ಬೂದಿಯಾಯಿತು. ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟುಕೊಂಡಿದ್ದ ನಕಲುಗಳಿಂದ ಆ ಚಕ್ರ ಹೇಗಿತ್ತು ಅಂತ ಗೊತ್ತಾಗುತ್ತದೆ. ಬೀಳುವವರ ಚಿತ್ರ ಇಟ್ಟುಕೊಂಡ ಪುಸ್ತಕಕ್ಕೂ ಬೀಳುವ ಸರದಿ ಬಂದಿತ್ತು.

ಅವರದು ಚಕ್ರವಾದರೆ ನಮ್ಮದು ಗಾಣ. ಅದೂ ತಿರುಗುವುದೇ. ಕೈಕಾಲಿಲ್ಲದ ವಿಕ್ರಮನನ್ನು ಗಾಣಿಗನೊಬ್ಬ ಕರುಣೆಯಿಂದ ಎತ್ತಿಕೊಂಡು ಹೋಗಿ ಗಾಣದ ಮೇಲೆ ಕೂರಿಸುತ್ತಾನೆ. ರಾಜ ಎತ್ತು ಹೊಡೆಯುತ್ತಾ ಸುತ್ತುತ್ತಾನೆ, ಸುತ್ತುತ್ತಾ ಹಾಡುತ್ತಾನೆ. ಫಾರ್ಚುನಾಳ ಚಕ್ರದಲ್ಲಿ ತಳಕ್ಕೆ ಬಿದ್ದವನಿಗೆ ಮಾಡಲು ಕೆಲಸವಿಲ್ಲ, ಅಂಗಾತ ಬಿದ್ದಿರಬೇಕು ಅಷ್ಟೆ. ನಮ್ಮವನು ಬಿದ್ದ ಮೇಲೂ ನಾಲ್ಕು ಜನಕ್ಕೆ ಎಣ್ಣೆ ತೆಗೆದುಕೊಟ್ಟ. ಇದರಲ್ಲಿ ಯಾರ ಕತೆ ಮೇಲು ಅಂತ ನಾನು ತೀರ್ಪು ಕೊಡುವುದಿಲ್ಲ. ಗಾಣಿಗರ ಓಣಿಯವರ ಪಕ್ಷಪಾತ ಮಾತ್ರ ನನಗಿದೆ.

ಶನಿ ಮಾತ್ರ ಎಲ್ಲ ಕಡೆಯೂ ಒಬ್ಬನೇ. ಹದಿನೈದನೆಯ ಶತಮಾನದ ಯುರೋಪಿನ ಹಸ್ತಪ್ರತಿಗಳಲ್ಲಿ 'ಗ್ರಹಗಳ ಮಕ್ಕಳು' ಎಂಬ ಚಿತ್ರಮಾಲೆ ಬರುತ್ತದೆ. ಶುಕ್ರನ ಮಕ್ಕಳು ವೀಣೆ ಬಾರಿಸುತ್ತಾ ತೋಟದಲ್ಲಿ ಜಲಕ್ರೀಡೆಯಾಡುತ್ತಾರೆ. ಶನಿಯ ಮಕ್ಕಳು ನೆಲ ಅಗೆಯುತ್ತಾರೆ, ಭಿಕ್ಷೆ ಬೇಡುತ್ತಾರೆ, ಕೋಳ ಹಾಕಿಸಿಕೊಂಡಿರುತ್ತಾರೆ, ಒಬ್ಬಿಬ್ಬರು ಗಲ್ಲಿಗೂ ಏರುತ್ತಾರೆ. ಇವರೆಲ್ಲರ ಮೇಲೆ ಊರುಗೋಲು ಹಿಡಿದ ಮುದುಕ, ಶನಿ. ಅರಬ್ಬಿ, ಪರ್ಷಿಯನ್ ಪುಸ್ತಕಗಳಲ್ಲಿ ಅವನು ಕಪ್ಪು ಮೈಯ, ಹಲವು ಕೈಗಳ ಗಡ್ಡದವನು. ನಮ್ಮ ಪುರಾಣದವನೂ ಕುಂಟ. ಅದಕ್ಕೆ ಕಾರಣ ಆಕಾಶದಲ್ಲೇ ಇದೆ. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಎಲ್ಲಕ್ಕಿಂತ ನಿಧಾನ ಅವನೇ. ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ, ಒಂದು ರಾಶಿಗೆ ಸುಮಾರು ಎರಡೂವರೆ. ಹುಟ್ಟಿದ ರಾಶಿ, ಅದರ ಹಿಂದಿನದು, ಮುಂದಿನದು, ಮೂರೂ ಸೇರಿ ಏಳೂವರೆ, ಅದೇ ಸಾಡೇಸಾತಿ. ಲೆಕ್ಕ ಖಗೋಳದ್ದು, ಭಯ ನಮ್ಮದು.

ನಮ್ಮ ಸೀಮೆಗೆ ಹತ್ತಿರದ, ಬಣ್ಣ ಬಂಗಾರ ತುಂಬಿದ ಅದೃಷ್ಟದ ಪುಸ್ತಕ ಅಂದರೆ ವಿಜಾಪುರದ 'ನುಜೂಮ್ ಅಲ್-ಉಲೂಮ್'. 1570ರದ್ದು, ಪರ್ಷಿಯನ್ ಭಾಷೆಯದು. ಆಗ ಸಗರ, ಶಹಾಪುರ, ಯಾದಗಿರಿಯ ಈ ನೆಲಕ್ಕೆ ಆದಿಲ್‌ಶಾಹಿಗಳೇ ದೊರೆಗಳು. ಪುಸ್ತಕ ಬರೆದವನು ಒಂದನೆಯ ಅಲಿ ಆದಿಲ್‌ಶಾಹನೇ ಎಂದು ವಿದ್ವಾಂಸರು ವಾದಿಸುತ್ತಾರೆ. ರಕ್ಕಸತಂಗಡಿಯ ಯುದ್ಧ ಗೆದ್ದು ಐದು ವರ್ಷವಾಗಿತ್ತು. ಗೆದ್ದವನಿಗೆ ಗೆಲುವು ಉಳಿಸಿಕೊಳ್ಳುವ ಚಿಂತೆ ಹತ್ತುವುದು ಸಹಜ. ನೂರಾರು ಚಿತ್ರಗಳ ಈ ಪುಸ್ತಕದಲ್ಲಿ ರಾಶಿಗಳಿವೆ, ಗ್ರಹಗಳಿವೆ, ಒಲಿಸಿಕೊಂಡರೆ ಕೆಲಸಕ್ಕೆ ಬರುವ ಯೋಗಿನಿಯರಂಥ ಶಕ್ತಿಗಳ ಸಾಲೇ ಇದೆ, ತಾಯಿತ ಯಂತ್ರಗಳಿವೆ, ಆನೆ ಕುದುರೆ ಆಯುಧಗಳೂ ಬರುತ್ತವೆ. ಅದರ ಹೆಸರುವಾಸಿ ಪುಟ 'ಐಶ್ವರ್ಯದ ಸಿಂಹಾಸನ'. ಅಂತಸ್ತಿನ ಮೇಲೆ ಅಂತಸ್ತು, ಒಟ್ಟು ಏಳು, ಎಲ್ಲದರ ತುದಿಗೆ ದೊರೆ. ಶನಿ ಏಳೂವರೆ ವರ್ಷ ಇಳಿಸುತ್ತಾನೆ, ಈ ಸಿಂಹಾಸನ ಏಳಂತಸ್ತು ಏರಿಸುತ್ತದೆ. ಇಲ್ಲಿ ಬೀಳುವವನಿಲ್ಲ. ಬೀಳದ ಹಾಗೆ ನೋಡಿಕೊಳ್ಳುವುದೇ ಪುಸ್ತಕದ ಕಸುಬು. ಇಂಥದ್ದೇ ಇನ್ನೊಂದು ಜಾತಿ ಫಾಲ್‌ನಾಮಾ. ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಗೋಲ್ಕೊಂಡದಲ್ಲೂ ಒಂದು ತಯಾರಾಗಿತ್ತು. ಕಣ್ಣು ಮುಚ್ಚಿ ಪುಟ ತೆರೆಯಬೇಕು. ಒಂದು ಮಗ್ಗುಲಿಗೆ ಚಿತ್ರ, ಎದುರಿಗೆ ಫಲ. ಬಸ್‌ಸ್ಟ್ಯಾಂಡಿನಲ್ಲಿ ಗಿಳಿ ಎಲೆ ಎಳೆಯುವುದನ್ನು ಕಂಡವರಿಗೆ ಇದು ಹೊಸದಲ್ಲ, ಬರೀ ಗಿಳಿಯ ಬದಲು ಸುಲ್ತಾನ.

ಅಲಿ ಆದಿಲ್‌ಶಾಹ 1580ರಲ್ಲಿ ತನ್ನದೇ ಅರಮನೆಯಲ್ಲಿ ಒಬ್ಬ ಚಾಕರನ ಚೂರಿಗೆ ಬಲಿಯಾದ. ಪುಸ್ತಕಕ್ಕೆ ಏನೂ ಆಗಲಿಲ್ಲ. ಅದು ಈಗಲೂ ಹೊಳೆಯುತ್ತಿದೆ. ಎಲ್ಲಿ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಸೀಮೆಯ ಚಿತ್ರಗಳನ್ನು ನೋಡೋಣ.

ಯಾದಗಿರಿಯಿಂದ ಸುರಪುರಕ್ಕೆ ಹೋಗುವಾಗ ನಡುವೆ ಶಹಾಪುರದ ಗುಡ್ಡ. ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಅಂತ ಬಸ್ಸಿನಲ್ಲಿ ಎಲ್ಲರೂ ಕತ್ತು ಹೊರಳಿಸುತ್ತಾರೆ. ಯಾರೂ ಬರೆಯದ ಚಿತ್ರ ಅದು, ಹಾಗಾಗಿ ಯಾರ ಹಾರವನ್ನೂ ನುಂಗುವುದಿಲ್ಲ. ಅದನ್ನು ದಾಟಿ ಹೋದರೆ ಸುರಪುರ. ಬೇಡ ನಾಯಕರ ಊರು. 1705ರಲ್ಲಿ ಮುಪ್ಪಿನ ಔರಂಗಜೇಬ ಖುದ್ದಾಗಿ ಬಂದು ಈ ನಾಯಕರ ವಾಗಿನಗೇರಾ ಕೋಟೆಯನ್ನು ಮುತ್ತಿದ. ಆತ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು. ಅಲ್ಲಿನ ದೊರೆ ಪಿಡ್ಡನಾಯಕ ಸಿಗಲಿಲ್ಲ. ಎರಡು ವರ್ಷಕ್ಕೆ ಬಾದಶಹನೇ ಹೋದ, ನಾಯಕರು ಉಳಿದರು.

ಈ ನಾಯಕರ ಆಶ್ರಯದಲ್ಲಿ ಬೆಳೆದದ್ದು ಸುರಪುರದ ಕಿರುಚಿತ್ರಕಲೆ. ಗರುಡಾದ್ರಿ ಮನೆತನದ ಹೆಸರು ಈ ಕಲೆಗೆ ಅಂಟಿಕೊಂಡೇ ಬಂದಿದೆ. ಕೂದಲೆಳೆಯ ಗೆರೆ, ಆಭರಣದ ಮೇಲೆ ಬಂಗಾರ, ಜರತಾರಿಯ ಒಂದೊಂದು ಎಳೆಗೂ ತಾಳ್ಮೆ. ಮೈಸೂರು, ತಂಜಾವೂರಿನ ಚಿತ್ರಗಳಿಗೆ ಇರುವ ಹೆಸರು ಇದಕ್ಕೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಸರಳ: ನಮ್ಮ ಊರು ದೂರ, ಕೇಳುವವರು ಕಮ್ಮಿ. ನಾನು ನೋಡಿದ ಸುರಪುರದ ಚಿತ್ರಗಳಲ್ಲಿ ಕೃಷ್ಣ ಇದ್ದಾನೆ, ರಾಮ ಪಟ್ಟಕ್ಕೆ ಕೂತಿದ್ದಾನೆ, ದೊರೆಗಳು ದರಬಾರು ನಡೆಸಿದ್ದಾರೆ. ಬೀಳುವ ದೊರೆ ಒಬ್ಬನೂ ಕಾಣಲಿಲ್ಲ. ವನವಾಸಕ್ಕೆ ಹೊರಟ ರಾಮನೂ ಗೋಡೆಗೆ ಬರಬೇಕಾದರೆ ಮೊದಲು ಪಟ್ಟ ಕಟ್ಟಿಸಿಕೊಂಡು ಬರಬೇಕು. ಪಗಡೆಯಾಟದ ಚಿತ್ರ ಮನೆಯಲ್ಲಿರಬಾರದು, ಜಗಳ ಹತ್ತುತ್ತದೆ ಅನ್ನುವವರು ಇವತ್ತಿಗೂ ಇದ್ದಾರೆ. ಕಲಾವಿದನಿಗೆ ಬೀಳುವುದನ್ನು ಬರೆಯಲು ಬರುವುದಿಲ್ಲವೆಂದಲ್ಲ, ದುಡ್ಡು ಕೊಟ್ಟು ಬರೆಯಿಸಿಕೊಳ್ಳುವವರಿಲ್ಲ.

ಇದಕ್ಕೊಂದು ಅಪವಾದ ಯಾದಗಿರಿ ಗಂಜಿನ ಅಡತಿ ಅಂಗಡಿಯಲ್ಲಿ ಸಿಗುತ್ತದೆ. ಪಂಚಾಂಗದ ಸಂಕ್ರಾಂತಿ ಪುರುಷ. ಅವನು ವರ್ಷಕ್ಕೊಂದು ವಾಹನ ಏರಿ ಬರುತ್ತಾನೆ, ಒಂದು ಬಣ್ಣದ ಬಟ್ಟೆ ಉಡುತ್ತಾನೆ, ಏನನ್ನೋ ತಿನ್ನುತ್ತಾನೆ, ಯಾವುದೋ ದಿಕ್ಕಿಗೆ ನೋಡುತ್ತಾನೆ. ಅವನು ಉಟ್ಟದ್ದು ತಿಂದದ್ದು ತುಟ್ಟಿ, ನೋಡಿದ ದಿಕ್ಕಿಗೆ ಕೇಡು. ತೊಗರಿ ಹತ್ತಿ ಚೀಲಗಳ ನಡುವೆ ಗಲ್ಲಾದ ಮೇಲೆ ಕೂತವರು ಈ ಹಲವು ಕೈಯ ವ್ಯಕ್ತಿಯನ್ನು ಬಹಳ ಗಂಭೀರವಾಗಿ ಓದುತ್ತಾರೆ. ಒರಟು ಕಾಗದದ ಮೇಲೆ ಮಸಿ ಹರಡಿದ ಚಿತ್ರ, ಆದರೆ ವಂಶದಲ್ಲಿ ಅದು ಆ ವಿಜಾಪುರದ ಪುಸ್ತಕದ ಬಡ ದಾಯಾದಿ. ಇವನನ್ನು ಮನೆಯಲ್ಲಿಟ್ಟುಕೊಳ್ಳಲು ಯಾರೂ ಹೆದರುವುದಿಲ್ಲ. ಅವನು ತರುವ ಕೇಡು ಊರಿಗೆಲ್ಲ ಹಂಚಿಹೋಗುವಂಥದ್ದು, ನಮ್ಮ ಪಾಲಿಗೆ ಬರುವುದು ತುಸು.

ಬೀಳುವುದನ್ನು ಬರೆಯದ ಸುರಪುರ ಅದನ್ನು ಆಡಿ ತೋರಿಸುತ್ತದೆ. ಗೋಕುಲಾಷ್ಟಮಿಯ ಹೊತ್ತಿಗೆ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ಹಾಲೋಕುಳಿ. ಎತ್ತರದ ಕಂಬಗಳನ್ನು ನೆಟ್ಟಿರುತ್ತಾರೆ, ಹಿಡಿತ ಸಿಗದ ಹಾಗೆ ಜಾರುತ್ತವೆ. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಏರುತ್ತಾರೆ. ನೀರು ಬೀಳುತ್ತದೆ. ಅರ್ಧಕ್ಕೆ ಹೋದವನು ಸರ್ರನೆ ಕೆಳಗೆ, ಅವನ ಕೆಳಗಿದ್ದ ನಾಲ್ವರೂ ಕೆಳಗೆ. ಸುತ್ತ ನಿಂತ ಜನ ಹೋ ಎಂದು ಕೂಗುತ್ತಾರೆ, ಏರಿದವನಿಗೂ ಅದೇ ಕೂಗು, ಬಿದ್ದವನಿಗೂ ಅದೇ ಕೂಗು. ಮ್ಯೂನಿಕ್ಕಿನ ಚಕ್ರದ ನಾಲ್ವರೂ ಇಲ್ಲಿದ್ದಾರೆ, ಆದರೆ ಇಲ್ಲಿ ಬಿದ್ದವನೇ ಮುಂದಿನವನಿಗೆ ಹೆಗಲು ಕೊಡಬೇಕು.

ಬರೆದಿಡುವುದಕ್ಕೂ ನಮ್ಮವರಿಗೆ ಬೇರೆ ದಾರಿಗಳಿದ್ದವು. ಸುರಪುರ ಸೀಮೆಯ ಕೊಡೇಕಲ್ಲಿನಲ್ಲಿ ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನ ಪರಂಪರೆ ಇದೆ. ಅವರ ಕಾಲಜ್ಞಾನದಲ್ಲಿ ಮುಂದೆ ಒದಗುವ ಕೇಡುಗಾಲ, ಆಳುವವರ ಏಳುಬೀಳು ಎಲ್ಲ ಬರುತ್ತದೆ. ಅದನ್ನು ಬರೆದಿಡಲು ಅಮರಗನ್ನಡವೆಂಬ ಬೇರೆಯದೇ ಲಿಪಿ ಬಳಸಿದರು. ಬಲ್ಲವರು ಓದಿ ಹೇಳಬೇಕು, ಉಳಿದವರು ಕೇಳಬೇಕು. ಕೇಡಿನ ಸುದ್ದಿ ಕಂಡಕಂಡವರ ಕಣ್ಣಿಗೆ ಬೀಳಬಾರದು ಎಂಬ ಎಚ್ಚರ ಇದರಲ್ಲೂ ಇದೆ ಅಂತ ನನ್ನ ಅನಿಸಿಕೆ.

ಇನ್ನೊಂದು ದಾರಿ ಪೆಟ್ಟಿಗೆಯಲ್ಲಿ ಮುಚ್ಚಿಡುವುದು. ಸುರಪುರದ ಅರಮನೆಯಲ್ಲಿ ಅಂಥದ್ದೊಂದು ಕಾಗದ ಇತ್ತು. ಅದರ ಕತೆ ನಮಗೆ ತಿಳಿದಿರುವುದು ಫಿಲಿಪ್ ಮೆಡೋಸ್ ಟೇಲರನ ಆತ್ಮಕತೆಯಿಂದ. ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು, ನಿಜಾಮನ ಸೈನ್ಯದ ಅಧಿಕಾರಿ, ಠಕ್ಕರ ಮೇಲೆ ಕಾದಂಬರಿ ಬರೆದು ಹೆಸರು ಮಾಡಿದವನು. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದ. ದೊರೆ ಕೃಷ್ಣಪ್ಪನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪನಾಯಕ ಎಳೆಯ, ತಾಯಿ ಈಶ್ವರಮ್ಮ ಗಟ್ಟಿಗಿತ್ತಿ. ಟೇಲರ್ ಹುಡುಗನ ಪರವಾಗಿ ಸಂಸ್ಥಾನ ನೋಡಿಕೊಂಡ. ಹುಡುಗ ಅವನನ್ನು ಅಪ್ಪಾ ಅಂದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಇದೆ.

ಒಮ್ಮೆ ರಾಣಿ ಕಾಯಿಲೆ ಬಿದ್ದಳು. ಇನ್ನು ಉಳಿಯುವುದಿಲ್ಲ ಅನ್ನಿಸಿ ಟೇಲರನನ್ನು ಕರೆಸಿದಳು. ಮಗನ ಜಾತಕದ ಗುಟ್ಟು ಹೇಳಿದಳು: ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅವನಿಗೆ ಸಾವು. ತೀರಿಹೋದ ದೊರೆ, ಅವಳು, ಜಾತಕ ಬರೆದ ಶಾಸ್ತ್ರಿ, ಇಷ್ಟೇ ಜನಕ್ಕೆ ಗೊತ್ತಿದ್ದ ಸಂಗತಿ. ಹುಡುಗನಿಗೆ ಹೇಳಿರಲಿಲ್ಲ. ಜಾತಕದ ಕಾಗದದ ಸುತ್ತ ಎಂಥ ಅಲಂಕಾರವಿತ್ತೋ. ಮಂಗಳದ ಬರಹವೆಂದು ಅರಿಸಿಣ ಕುಂಕುಮ ಹಚ್ಚಿ ಮಡಿಸಿಡುವುದು ನಮ್ಮ ರೂಢಿ. ಒಳಗಿನ ಆ ಒಂದು ಸಾಲನ್ನು ಹೊತ್ತುಕೊಂಡು ತಾಯಿ ವರ್ಷಗಟ್ಟಲೆ ಮಗನ ಹುಟ್ಟುಹಬ್ಬದ ಆರತಿ ಎತ್ತಿದ್ದಳು. ಸುರಪುರದ ಚಿತ್ರಗಾರರು ಅದೇ ಹುಡುಗನಿಗೆ ಬಂಗಾರದ ತುರಾಯಿ ಬರೆಯುತ್ತಿದ್ದ ಕಾಲ.

ಟೇಲರ್ ನಂಬಲಿಲ್ಲ. 1853ರಲ್ಲಿ ರಾಜ್ಯ ವೆಂಕಟಪ್ಪನ ಕೈಗೆ ಬಂತು, ಟೇಲರ್ ಬೇರೆ ಜಿಲ್ಲೆಗೆ ಹೋದ. 1857ರ ದಂಗೆಯ ಗಾಳಿ ಸುರಪುರಕ್ಕೂ ಬೀಸಿತು. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಸೈನ್ಯ ಬಂದು ಕಾಳಗವಾಯಿತು. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಮೊದಲು ಮರಣದಂಡನೆ. ಆಮೇಲೆ ಅದು ಕರಿನೀರಿನ ಶಿಕ್ಷೆಯಾಯಿತು. ಕೊನೆಗೆ ಗವರ್ನರ್ ಜನರಲ್ ಅದನ್ನೂ ಇಳಿಸಿ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಅಂದ. ಚಕ್ರ ಹಿಮ್ಮುಖ ತಿರುಗುತ್ತಿತ್ತು. ಟೇಲರನಿಗೆ ಹಿಡಿಸಲಾರದ ಸಮಾಧಾನ. ಜಾತಕ ಸುಳ್ಳಾಯಿತಲ್ಲ ಅಂತ ಶಾಸ್ತ್ರಿಯ ಮುಂದೆ ಹೇಳಿದ. ಮುದುಕ ಒಪ್ಪಲಿಲ್ಲ. ವರ್ಷ ಇನ್ನೂ ಮುಗಿದಿರಲಿಲ್ಲ.

ಚೆಂಗಲಪಟ್ಟಿನ ದಾರಿಯಲ್ಲಿ, ಬಿಡಾರದ ಡೇರೆಯಲ್ಲಿ, ಕಾವಲಿನ ಅಧಿಕಾರಿ ಪಿಸ್ತೂಲು ಬಿಚ್ಚಿಟ್ಟು ಹೊರಗೆ ಹೋದ. ಗುಂಡಿನ ಸದ್ದು ಕೇಳಿತು. ತಾನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ, ಇನ್ನೇನೋ, ಸುರಪುರದಲ್ಲಿ ಇವತ್ತಿಗೂ ಒಬ್ಬೊಬ್ಬರದು ಒಂದೊಂದು ಮಾತು. ಸೆರೆಮನೆಯಲ್ಲಿ ಬದುಕುವುದು ತೀರ ಬಡ ಬೇಡನಿಗೂ ಆಗದ ಕೆಲಸ ಎಂದು ಅವನು ಮೊದಲೇ ಅಂದಿದ್ದನ್ನು ಟೇಲರ್ ಬರೆದಿಟ್ಟಿದ್ದಾನೆ. ನನಗೆ ಆ ಮಾತಿನ ಮೇಲೆ ಜಾತಕಕ್ಕಿಂತ ಹೆಚ್ಚು ನಂಬಿಕೆ. ಗ್ರಹಗಳು ತಾರೀಖು ಕೊಟ್ಟಿರಬಹುದು, ಕಾರಣ ಕೊಟ್ಟವರು ಬೇರೆಯವರು.

ಹಾಗೆ ನೋಡಿದರೆ ಆ ರಾಣಿಯೂ ಶಾಸ್ತ್ರಿಯೂ ತಿಳಿದವರೇ. ಸಾವಿನ ವರ್ಷವನ್ನು ಹುಡುಗನ ಕಣ್ಣಿಗೆ ಬೀಳಿಸದೆ ಅಷ್ಟು ಕಾಲ ಅವನಿಗೆ ಕುದುರೆ ಹತ್ತಲು, ಬೇಟೆಯಾಡಲು, ಮೆರೆಯಲು ಬಿಟ್ಟರು. ಬೀಳುವವನ ಚಿತ್ರವನ್ನು ಎದುರಿಗಿಟ್ಟು ರಾಜರಿಗೆ ಬುದ್ಧಿ ಹೇಳಹೊರಟ ಯುರೋಪಿನ ಪಾದ್ರಿಗಳಿಂದ ಎಷ್ಟು ರಾಜರು ಸರಿಹೋದರೋ ನಾನು ಕಾಣೆ.

ಸುರಪುರ 1860ರಲ್ಲಿ ನಿಜಾಮನ ಪಾಲಾಯಿತು. ಅದೇ ವರ್ಷ ಟೇಲರ್ ಹಿಂದೂಸ್ತಾನ ಬಿಟ್ಟು ಐರ್ಲೆಂಡಿನ ಡಬ್ಲಿನ್ ಊರಿನ ಹೊರವಲಯದಲ್ಲಿ ಮನೆ ಮಾಡಿದ. ಅಲ್ಲಿದ್ದುಕೊಂಡು ವಿಜಾಪುರವನ್ನೇ ನೆನೆಯುತ್ತಾ ಬರೆದ. 1863ರಲ್ಲಿ 'ತಾರಾ' ಬಂತು. 1876ರಲ್ಲಿ ಅವನು ತೀರಿಕೊಂಡ ಮೇಲೆ ಆತ್ಮಕತೆಯೂ, ಚಾಂದಬೀಬಿಯ ಮೇಲೆ ಬರೆದ ಕಾದಂಬರಿಯೂ ಅಚ್ಚಾದವು. ಚಾಂದಬೀಬಿ ಆ ಅಲಿ ಆದಿಲ್‌ಶಾಹನ ಹೆಂಡತಿ. ಅವಳ ಗಂಡನ ಏಳಂತಸ್ತಿನ ಸಿಂಹಾಸನದ ಪುಸ್ತಕ ಕೈಯಿಂದ ಕೈಗೆ ಹೋಗಿ, ಗಣಿ ಉದ್ಯಮದಲ್ಲಿ ದುಡ್ಡು ಮಾಡಿದ ಚೆಸ್ಟರ್ ಬೀಟಿಯ ಸಂಗ್ರಹ ಸೇರಿತು. ಬೀಟಿ 1950ರಲ್ಲಿ ತನ್ನ ಗಂಟುಮೂಟೆ ಕಟ್ಟಿಕೊಂಡು ಹೋದ ಊರೂ ಡಬ್ಲಿನ್ನೇ. ಪುಸ್ತಕ ಈಗಲೂ ಅಲ್ಲೇ ಇದೆ. ಟೇಲರನಿಗೆ ಮುಕ್ಕಾಲು ಶತಮಾನದಷ್ಟು ತಡವಾಗಿ ಬಂತು. ಅವನಿದ್ದಿದ್ದರೆ ದಿನಾ ಹೋಗಿ ಒಂದೊಂದು ಪುಟ ನೋಡುತ್ತಿದ್ದ, ಅವನೂ ಕುಂಚ ಹಿಡಿದವನು. ನೋಡುವ ಮೊದಲು, ಇದನ್ನು ಬರೆಯಿಸಿದವನ ಜಾತಕ ಏನಾದರೂ ಸಿಕ್ಕಿದೆಯೇ ಅಂತ ವಿಚಾರಿಸುತ್ತಿದ್ದನೋ ಏನೋ.